ವ್ಯಾನು ನಿಂತ 43 ದಿನ

ಬೆಳಗ್ಗೆ ಹನ್ನೊಂದರ ಮೀಟಿಂಗ್‌ನಲ್ಲಿದ್ದೆ. ಅಪ್ಪನ ಫೋನ್ ಬಂತು. ಅಪ್ಪ ಆ ಹೊತ್ತಿನಲ್ಲಿ ಫೋನ್ ಮಾಡೋರಲ್ಲ. ಮ್ಯೂಟ್ ಮಾಡಿ ಹೊರಗೆ ಬಂದು ಎತ್ತಿದೆ.

"ಗಾಡಿ ನಿಂತೈತಪ," ಅಂದರು. ಅಷ್ಟೇ.

ನಮ್ಮದು ಬಳ್ಳಾರಿ ಮಗ್ಗುಲಿನ ಹಲಕುಂದಿ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಅಪ್ಪನದು ಹಳದಿ ಬೋರ್ಡಿನ ಮಾರುತಿ ಓಮ್ನಿ ಕಾರ್ಗೋ, 2011ರ ಮಾಡೆಲ್. ಬಳ್ಳಾರಿ ಜೀನ್ಸ್ ಅಂದರೆ ನಿಮಗೆ ಗೊತ್ತಿರಬೇಕು. ಅಲ್ಲಿ ಕತ್ತರಿಸಿದ ಬಟ್ಟೆಯೆಲ್ಲ ಒಂದೇ ಕಟ್ಟಡದಲ್ಲಿ ಪ್ಯಾಂಟ್ ಆಗೋದಿಲ್ಲ. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಕಡೆ ವಾಷಿಂಗ್. ನಡುವೆ ದಾರ ಕತ್ತರಿಸೋದು, ಗುಂಡಿ ಹಾಕೋದು ಅಂತ ಮನೆಮನೆಗೂ ಕೆಲಸ ಹೋಗುತ್ತೆ. ಈ ಎಲ್ಲಾ ಕಡೆಗೆ ಬಂಡಲ್ ಸಾಗಿಸೋದು ಅಪ್ಪನ ಓಮ್ನಿ. ಬೆಳಗ್ಗೆ ಊರಿಂದ ಬಳ್ಳಾರಿ, ಅಲ್ಲಿಂದ ಮುಂಡರಗಿ ಇಂಡಸ್ಟ್ರಿಯಲ್ ಏರಿಯಾ, ಸಂಜೆ ಮತ್ತೆ ಊರು.

ಏಪ್ರಿಲ್ ತಿಂಗಳು. ಬಳ್ಳಾರಿ ಬಿಸಿಲು ಹೇಗಿರುತ್ತೆ ಅಂತ ವಿವರಿಸೋದು ಬೇಡ. ಟೆಂಪರೇಚರ್ ಸೂಜಿ ಮೇಲೆ ಹೋಗಿದ್ದನ್ನು ಅಪ್ಪ ನೋಡಿದ್ದಾರೆ. ಆದರೆ ಹನ್ನೆರಡರೊಳಗೆ ವಾಷಿಂಗ್ ಯೂನಿಟ್‌ಗೆ ಮಾಲು ಮುಟ್ಟಿಸಬೇಕಿತ್ತು. "ಇನ್ನ ಮೂರು ಕಿಲೋಮೀಟರ್ ಐತಿ, ಹೋಗಿಬಿಡಾನ" ಅಂತ ಓಡಿಸಿದ್ದಾರೆ. ಎರಡು ಕಿಲೋಮೀಟರ್ ಆಗೋದರೊಳಗೆ ಇಂಜಿನ್ ಜಾಮ್.

ಅವತ್ತು ಸಂಜೆ ನಮ್ಮ ಮೇಸ್ತ್ರಿ ಬಿಚ್ಚಿ ನೋಡಿ ಹೇಳಿದ ಕಾರಣ ಸರಳವಾಗಿತ್ತು. ವರ್ಷಗಟ್ಟಲೆ ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕಿದ್ದು. ನಮ್ಮ ಕಡೆ ಬೋರ್ ನೀರು ಕುದಿಸಿದ ಪಾತ್ರೆ ನೋಡಿದ್ದೀರಲ್ಲ, ತಳಕ್ಕೆ ಬಿಳಿ ಪದರ ಕಟ್ಟುತ್ತೆ. ಅದೇ ಪದರ ರೇಡಿಯೇಟರ್ ನಾಳಗಳೊಳಗೆ, ಇಂಜಿನ್ ಒಳಗಿನ ನೀರಿನ ದಾರಿಯೊಳಗೆ ಕಟ್ಟಿತ್ತು. ನೀರು ತಿರುಗಲಿಲ್ಲ, ಬಿಸಿ ಹೊರಗೆ ಹೋಗಲಿಲ್ಲ, ಹೆಡ್ ಗ್ಯಾಸ್ಕೆಟ್ ಹೋಯಿತು, ಪಿಸ್ಟನ್ ಉಬ್ಬಿ ಬೋರಿಗೆ ಉಜ್ಜಿತು. ಸೂಜಿ ಮೇಲೆ ಹೋದ ತಕ್ಷಣ ನಿಲ್ಲಿಸಿದ್ದರೆ ಬಹುಶಃ ಗ್ಯಾಸ್ಕೆಟ್‌ನಲ್ಲೇ ಮುಗಿಯುತ್ತಿತ್ತು.

"ಬೋರಿಗೆ ಬಂದೈತಿ. ಪಿಸ್ಟನ್, ಹೆಡ್ ಕೆಲಸ, ಕೂಲಿ ಎಲ್ಲಾ ಸೇರಿ 36 ಸಾವಿರ. ಎಂಟು ದಿನ ಕೊಡ್ರಿ," ಅಂದರು ಮೇಸ್ತ್ರಿ.

ಅಪ್ಪ ತಲೆಯಾಡಿಸಿದರು. ನಾನು ಫೋನಿನಲ್ಲೇ ತಡೆದೆ. "ಅಪ್ಪ, ಬೇಡ. ನಾ ಬರ್ತೀನಿ. ನಾವೇ ಇಂಜಿನ್ ಬದಲಿ ಮಾಡೋಣ."

ನನ್ನ ಎಕ್ಸೆಲ್ ಶೀಟು

ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಕೇಳಬಹುದು. ಬೈಕ್ ಸರ್ವಿಸ್ ನಾನೇ ಮಾಡ್ಕೋತೀನಿ. ಜೊತೆಗೆ ರಾತ್ರಿ ಹೊತ್ತು ಇಂಜಿನ್ ಇಳಿಸೋ ವಿಡಿಯೋ ನೋಡೋ ಚಟ. ನಲವತ್ತು ನಿಮಿಷದ ವಿಡಿಯೋದಲ್ಲಿ ಹಳೆ ಇಂಜಿನ್ ಇಳಿದು ಹೊಸದು ಕೂತು ಸ್ಟಾರ್ಟ್ ಆಗಿರುತ್ತೆ. ತುಕ್ಕು ಹಿಡಿದ ಬೋಲ್ಟ್ ಜೊತೆ ಅವರು ಕಳೆದ ಮೂರು ಗಂಟೆ ಎಡಿಟಿಂಗ್‌ನಲ್ಲಿ ಹೋಗಿರುತ್ತೆ ಅನ್ನೋದು ನಮಗೆ ಕಾಣೋದಿಲ್ಲ.

ಓಮ್ನಿ ಬಗ್ಗೆ ಓದಿದ್ದೂ ಧೈರ್ಯ ಕೊಟ್ಟಿತ್ತು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದಿದ್ದು, ಆಮೇಲೆ ಓಮ್ನಿ ಆಯಿತು, 2019ರಲ್ಲಿ ತಯಾರಿಕೆ ನಿಂತಿತು. ಅಷ್ಟೂ ವರ್ಷ ಅದೇ 796 ಸಿಸಿ, ಮೂರು ಸಿಲಿಂಡರ್. ಇಷ್ಟು ವರ್ಷ ಓಡಿದ ಗಾಡಿಗೆ ಗುಜರಿಯಲ್ಲಿ ಇಂಜಿನ್ ಸಿಗದೇ ಇರುತ್ತಾ?

ಶೀಟ್ ಹಾಕಿದೆ. ಸೆಕೆಂಡ್ ಹ್ಯಾಂಡ್ ಇಂಜಿನ್ 14 ಸಾವಿರ. ಆಯಿಲ್, ಗ್ಯಾಸ್ಕೆಟ್ 3 ಸಾವಿರ. ಇತರೆ 2 ಸಾವಿರ. ಒಟ್ಟು 19 ಸಾವಿರ. ಎರಡು ವೀಕೆಂಡ್ ಕೆಲಸ. ಉಳಿತಾಯ 17 ಸಾವಿರ ಅಂತ ಹಸಿರು ಬಣ್ಣದಲ್ಲಿ ಬಂತು.

ಅಪ್ಪ ಒಂದೇ ಮಾತು ಅಂದರು. "ಏನರ ಮಾಡಪ, ಗಾಡಿ ಭಾಳ ದಿನ ನಿಂದ್ರಬಾರ್ದು."

ಆ ಮಾತಿಗೆ ನನ್ನ ಶೀಟಿನಲ್ಲಿ ಜಾಗ ಇರಲಿಲ್ಲ.

ಮೊದಲ ಇಂಜಿನ್

ಬೆಂಗಳೂರಿನ ಒಂದು ಗುಜರಿಯಲ್ಲಿ ಹೇಳಿದ ಬೆಲೆಗೇ ಇಂಜಿನ್ ಸಿಕ್ಕಿತು. "ಓಮ್ನಿದೂ ಮಾರುತಿ 800ದೂ ಒಂದೇ ಇಂಜಿನ್ ಸಾರ್, ಕಣ್ಣು ಮುಚ್ಚಿ ತಗೊಳ್ಳಿ," ಅಂದ. ನಾನು ನಿಜಕ್ಕೂ ಕಣ್ಣು ಮುಚ್ಚಿಯೇ ತಗೊಂಡೆ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಂದ್ರೆ ರೇಟ್ ಬೇರೆ" ಅಂದ. ಬೇಡ ಅಂದೆ.

ಊರಿಗೆ ತಂದು ಹಳೇದರ ಪಕ್ಕ ಇಟ್ಟಾಗ ವ್ಯತ್ಯಾಸ ಕಂಡಿತು. ಕುಟುಂಬ ಒಂದೇ, ಆದರೆ ಅಣ್ಣತಮ್ಮಂದಿರ ಮನೆ ಬೇರೆ. 800 ಮುಂದಿನ ಚಕ್ರ ಎಳೆಯುವ ಕಾರು, ಇಂಜಿನ್ ಅಡ್ಡ ಕೂತಿರುತ್ತೆ. ಓಮ್ನಿಯಲ್ಲಿ ಹಿಂದಿನ ಚಕ್ರ ತಿರುಗಬೇಕು, ಇಂಜಿನ್ ಮುಂದಿನ ಸೀಟಿನ ಅಡಿ ಉದ್ದಕ್ಕೆ ಕೂತಿರುತ್ತೆ. ಹಾಗಾಗಿ ಆಯಿಲ್ ಸಂಪ್, ಮೌಂಟಿಂಗ್ ಬ್ರಾಕೆಟ್ ಎಲ್ಲಾ ಬೇರೆ. ಹಳೇ ಇಂಜಿನ್‌ದನ್ನು ಬಿಚ್ಚಿ ಇದಕ್ಕೆ ಹಾಕಬಹುದು, ಮಾಡೋರು ಇದ್ದಾರೆ ಅಂತ ಮೇಸ್ತ್ರಿ ಹೇಳಿದರು. ಆಮೇಲೆ ಕೇಳಿದರು: "ಕಾಗದ ಎಲ್ಲಿ?"

"ಯಾವ ಕಾಗದ?"

"ಆರ್‌ಸಿಯೊಳಗ ಇಂಜಿನ್ ನಂಬರ್ ಐತಲ್ಲಪ. ಎಫ್‌ಸಿಗೆ ಹೋದಾಗ ನಂಬರ್ ನೋಡಿದ್ರ ಏನ್ ಹೇಳ್ತಿ?"

ಜುಲೈನಲ್ಲಿ ಎಫ್‌ಸಿ ಇತ್ತು. ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಲೇಬೇಕು. ಮರುದಿನ ಆರ್‌ಟಿಓ ಆಫೀಸಿಗೆ ಹೋಗಿ ವಿಚಾರಿಸಿದೆ. ಅಲ್ಲಿ ತಾಳ್ಮೆಯಿಂದ ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯಲ್ಲಿ ಮಾಡೋ ಬದಲಾವಣೆಗೆ ಅನುಮತಿ ಬೇಕು, ಬದಲಿಸಿದ ಇಂಜಿನ್ ನಂಬರ್ ಆರ್‌ಸಿಯಲ್ಲಿ ದಾಖಲಾಗಬೇಕು. ಅದಕ್ಕೆ ಇಂಜಿನ್ ಎಲ್ಲಿಂದ ಬಂತು ಅನ್ನೋ ಪುರಾವೆ ಬೇಕು. ಇಲ್ಲದಿದ್ದರೆ ಕದ್ದ ಗಾಡಿಯ ಇಂಜಿನ್ ಅಲ್ಲ ಅಂತ ಹೇಗೆ ತಿಳಿಯೋದು? ಇನ್ಶೂರೆನ್ಸ್‌ಗೂ ತಿಳಿಸಬೇಕು. ಆರ್‌ಸಿಯಲ್ಲಿ ಒಂದು ನಂಬರ್, ಗಾಡಿಯಲ್ಲಿ ಇನ್ನೊಂದು ನಂಬರ್ ಇದ್ದರೆ ಅಪಘಾತವಾದ ದಿನ ಕ್ಲೈಮ್‌ಗೆ ತಕರಾರು ಬರೋದು ಅಲ್ಲೇ.

ಇಂಜಿನ್ ಕೊಳ್ಳೋದಕ್ಕೆ ಮೊದಲು ಹೋಗಬೇಕಿದ್ದ ಜಾಗಕ್ಕೆ ನಾನು ಕೊಂಡ ಮೇಲೆ ಹೋಗಿದ್ದೆ. 14 ಸಾವಿರದ ಇಂಜಿನ್ ಅದೇ ಗುಜರಿಗೆ 8 ಸಾವಿರಕ್ಕೆ ವಾಪಸ್ ಹೋಯಿತು. ಹೋಗಿ ಬರೋ ಸಾಗಣೆ 1,800. ಹದಿನೈದು ದಿನ ಕಳೆದಿತ್ತು.

ಈ ನಡುವೆ ಒಬ್ಬ ಗೆಳೆಯ ಇನ್ನೊಂದು ಆಸೆ ಹುಟ್ಟಿಸಿದ. "ಹೇಗೂ ಬದಲಿಸ್ತಿದ್ದೀಯ, ಈಕೋ ಇಂಜಿನ್ನೇ ಹಾಕು ಮಗಾ. ಗಾಡಿ ಹಾರುತ್ತೆ." 2010ರಲ್ಲಿ ಬಂದ ಈಕೋದ್ದು 1196 ಸಿಸಿ, ನಾಲ್ಕು ಸಿಲಿಂಡರ್. ಒಂದು ರಾತ್ರಿ ಪೂರ್ತಿ ಅದನ್ನೇ ಯೋಚಿಸಿದೆ. ಆದರೆ ಇಂಜಿನ್ ಬದಲಾದರೆ ಗೇರ್‌ಬಾಕ್ಸ್, ವೈರಿಂಗ್, ಇಸಿಯು ಎಲ್ಲಾ ಬದಲಾಗಬೇಕು. ಸಣ್ಣ ಇಂಜಿನ್ನಿಗೆ ಅಂತ ಮಾಡಿದ ಬ್ರೇಕು ಮಾತ್ರ ಹಾಗೇ ಉಳಿಯುತ್ತೆ. ಕಾನೂನೂ ಒಪ್ಪೋದಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆಸೆ ಅಲ್ಲಿಗೇ ಬಿಟ್ಟೆ.

ಎರಡನೇ ಇಂಜಿನ್ ಓಮ್ನಿಯದೇ. ಬಿಲ್ಲು, ಆ ಹಳೇ ಗಾಡಿಯ ಕಾಗದ ಎಲ್ಲಾ ಸೇರಿ 19,500. ಈ ಸಲ ಮೇಸ್ತ್ರಿಯನ್ನು ವಿಡಿಯೋ ಕಾಲ್‌ನಲ್ಲಿ ಇಟ್ಟುಕೊಂಡು ನೋಡಿದೆ. ಕೈಯಿಂದ ತಿರುಗಿಸಿದರೆ ಎಲ್ಲೂ ಹಿಡಿಯದೆ ತಿರುಗಬೇಕು. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆ ಥರ ಇದ್ದರೆ ನೀರು ಸೇರಿದೆ ಅಂತ. ಮೂರೂ ಸಿಲಿಂಡರ್‌ನ ಕಂಪ್ರೆಷನ್ ಹತ್ತಿರ ಹತ್ತಿರ ಇರಬೇಕು. ಎಲ್ಲಾ ಸರಿ ಇತ್ತು.

ಒಂದು ಗೇಣು

ಓಮ್ನಿಯ ಇಂಜಿನ್ ಮೇಲಕ್ಕೆ ಎತ್ತಿ ತೆಗೆಯೋದಲ್ಲ, ಕೆಳಕ್ಕೆ ಇಳಿಸೋದು. ಅಂದರೆ ಗಾಡಿಯ ಮುಂಭಾಗ ಎತ್ತರಕ್ಕೆ ನಿಲ್ಲಬೇಕು, ನೀವು ಅದರ ಕೆಳಗೆ ಮಲಗಬೇಕು. ಜಾಕ್ ಎತ್ತೋದಕ್ಕೆ ಮಾತ್ರ, ಹೊತ್ತು ನಿಲ್ಲೋದಕ್ಕಲ್ಲ ಅನ್ನೋದು ನನಗೆ ಗೊತ್ತಿತ್ತು. ಅದಕ್ಕೇ ಮನೆ ಕಟ್ಟಿಸಿದಾಗ ಉಳಿದಿದ್ದ ಹಾಲೋ ಬ್ಲಾಕ್ ಇಟ್ಟೆ. ಜಾಣತನ ಮಾಡಿದೆ ಅಂದ್ಕೊಂಡೆ.

ಶನಿವಾರ ರಾತ್ರಿ. ಕೆಳಗೆ ಮಲಗಿ ಗೇರ್‌ಬಾಕ್ಸ್ ಬೋಲ್ಟ್ ಬಿಚ್ತಾ ಇದ್ದೆ. ಅವ್ವ ಮೂರನೇ ಸಲ ಊಟಕ್ಕೆ ಕರೆದಳು. ಬೈಕೊಳ್ಳುತ್ತಲೇ ಎದ್ದು ಬಂದು ನಲ್ಲಿಯಲ್ಲಿ ಕೈ ತೊಳೀತಿದ್ದೆ. ಹಿಂದೆ ಮಡಕೆ ಒಡೆದ ಹಾಗೆ ಸದ್ದು. ಒಂದು ಬ್ಲಾಕ್ ಪುಡಿಯಾಗಿತ್ತು. ವ್ಯಾನು ಒಂದು ಗೇಣು ಕೆಳಗೆ ಕೂತು ಜಾಕ್ ಮೇಲೆ ವಾಲಿತ್ತು. ನನ್ನ ಸ್ಪ್ಯಾನರ್ ಕೆಳಗೇ ಇತ್ತು.

ಅಪ್ಪ ಓಡಿ ಬಂದರು. ಗಾಡಿ ನೋಡಿದರು, ನನ್ನ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೆಳಗ್ಗೆ ನಾನು ಏಳೋದರೊಳಗೆ ಎಲ್ಲಿಂದಲೋ ನಾಲ್ಕು ದಪ್ಪ ಮರದ ದಿಮ್ಮಿ ತಂದು ಗಾಡಿ ಕೆಳಗೆ ಅಡ್ಡಡ್ಡ ಪೇರಿಸಿದ್ದರು. ನಾಲ್ಕೂ ದಿಮ್ಮಿಯನ್ನು ಕಾಲಿಂದ ಒದ್ದು ನೋಡಿ "ಈಗ ಹೋಗು" ಅಂದರು.

ನೀವು ಈ ಲೇಖನದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಇಟ್ಟಿಗೆ, ಹಾಲೋ ಬ್ಲಾಕ್, ಕಲ್ಲು ಭಾರಕ್ಕೆ ಬಾಗೋದಿಲ್ಲ, ಎಚ್ಚರಿಕೆ ಕೊಡದೆ ಒಡೆಯುತ್ತೆ. ಆಕ್ಸಲ್ ಸ್ಟ್ಯಾಂಡ್ ಬಾಡಿಗೆಗೆ ತನ್ನಿ. ಇಲ್ಲದಿದ್ದರೆ ಗಟ್ಟಿ ಮರ ಇಡಿ. ಅದೂ ಇಲ್ಲದಿದ್ದರೆ ಕೆಳಗೆ ಹೋಗಬೇಡಿ.

ಸಣ್ಣ ಸಾಮಾನು

ಇಂಜಿನ್ ಬದಲಿಸೋದರಲ್ಲಿ ದುಡ್ಡು ತಿನ್ನೋದು ಇಂಜಿನ್ ಅಲ್ಲ, ಸಣ್ಣ ಸಾಮಾನು. ಇಂಜಿನ್ ಹೊರಗಿದ್ದಾಗಲೇ ಕ್ಲಚ್ ಬದಲಿಸದಿದ್ದರೆ ಆರು ತಿಂಗಳಿಗೆ ಮತ್ತೆ ಇದೇ ಕೆಲಸ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಆಯಿಲ್ ಸೀಲ್ ಎಲ್ಲವೂ ಹಾಗೆಯೇ. ಸೈಲೆನ್ಸರ್ ಪೈಪಿನ ಎರಡು ಸ್ಟಡ್ ತುಕ್ಕಿಗೆ ಮುರಿದು ಲೇತ್ ಅಂಗಡಿಗೆ ಹೋದವು. ಮೌಂಟಿಂಗ್ ರಬ್ಬರ್ ಮುಟ್ಟಿದರೆ ಉದುರುತ್ತಿತ್ತು.

ಕ್ಲಚ್ ಪ್ಲೇಟ್ ನಟ್ಟ ನಡುವೆ ಕೂರದಿದ್ದರೆ ಗೇರ್‌ಬಾಕ್ಸ್ ಶಾಫ್ಟ್ ಒಳಗೆ ಹೋಗೋದಿಲ್ಲ. ಒಂದು ಭಾನುವಾರ ಪೂರ್ತಿ, ಆರು ಗಂಟೆ, ನಾನೂ ಅಪ್ಪನೂ ಗೇರ್‌ಬಾಕ್ಸ್ ತಳ್ಳಿದ್ದೇ ತಳ್ಳಿದ್ದು. ಕೊನೆಗೆ ಅಪ್ಪ ಹಳೇ ಸಲಿಕೆಯ ಹಿಡಿಯ ತುದಿ ಕೆತ್ತಿ, ಪ್ಲೇಟಿನ ತೂತಿಗೆ ತೂರಿಸಿ ನಡುಮಧ್ಯ ಹಿಡಿದರು. ಹತ್ತು ನಿಮಿಷಕ್ಕೆ ಕೂತಿತು. ಗ್ಯಾರೇಜ್‌ಗಳಲ್ಲಿ ಇದಕ್ಕೇ ಅಂತ ಒಂದು ಸಲಕರಣೆ ಇರುತ್ತೆ ಅಂತ ಆಮೇಲೆ ತಿಳಿಯಿತು.

ಎಲ್ಲಾ ಮುಗಿಸಿ ಕೀ ತಿರುಗಿಸಿದರೆ ಇಂಜಿನ್ ನರಳುತ್ತೆ, ಹತ್ತೋದಿಲ್ಲ. ಎರಡು ದಿನ ಒಂದೊಂದೇ ಸೆನ್ಸರ್ ಸಾಕೆಟ್ ಹುಡುಕಿದೆ. ಬ್ಯಾಟರಿ ಬದಲಿಸಿ ನೋಡಿದೆ. ಕೊನೆಗೆ ಸಾಮಾನಿನ ಡಬ್ಬಿಯಲ್ಲಿ ಒಂದು ಹೆಣೆದ ತಾಮ್ರದ ಪಟ್ಟಿ ಉಳಿದಿದ್ದನ್ನು ಅಪ್ಪ ತೋರಿಸಿದರು. "ಇದು ಯಾವ್ದರದಪ?" ಇಂಜಿನ್ನಿಂದ ಬಾಡಿಗೆ ಹೋಗೋ ಅರ್ಥ್ ಪಟ್ಟಿ. ನಾನು ಬಿಚ್ಚುವಾಗ ತೆಗೆದ ಇನ್ನೂರು ಫೋಟೋದಲ್ಲಿ ಅದೊಂದೇ ಇರಲಿಲ್ಲ.

ಹಾಕಿದ ಕೂಡಲೇ ಹತ್ತಿತು. ಅವ್ವ ಊದುಬತ್ತಿ ತಂದಳು. ಐದು ನಿಮಿಷಕ್ಕೆ ಸೂಜಿ ಮತ್ತೆ ಮೇಲೆ ಹೊರಟಿತು. ಈ ಸಲ ಅಪ್ಪ ನನಗಿಂತ ಮೊದಲೇ ಕೀ ತೆಗೆದರು. ಕೂಲೆಂಟ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಇಂಜಿನ್ ತಣ್ಣಗಾದ ಮೇಲೆ ಗಾಡಿಯ ಮುಂಭಾಗ ಸ್ವಲ್ಪ ಎತ್ತರದಲ್ಲಿಟ್ಟು ಗಾಳಿ ಪೂರ್ತಿ ಹೋಗೋವರೆಗೆ ಕೂಲೆಂಟ್ ತುಂಬಿದೆವು. ಸೂಜಿ ನಡುವೆ ನಿಂತಿತು.

ಲೆಕ್ಕ

ಮೊದಲ ಇಂಜಿನ್ನಿನ ನಷ್ಟ, ಸಾಗಣೆ: 7,800. ಎರಡನೇದು ಸಾಗಣೆ ಸೇರಿ: 20,700. ಕ್ಲಚ್ ಸೆಟ್: 3,100. ಬೆಲ್ಟ್, ಪಂಪ್, ಥರ್ಮೋಸ್ಟಾಟ್, ಸೀಲ್: 2,900. ಮೌಂಟಿಂಗ್ ರಬ್ಬರ್: 1,350. ಗ್ಯಾಸ್ಕೆಟ್, ಆಯಿಲ್, ಫಿಲ್ಟರ್, ಕೂಲೆಂಟ್, ಪ್ಲಗ್: 3,450. ರೇಡಿಯೇಟರ್ ಸ್ವಚ್ಛತೆ, ಪೈಪು: 1,700. ಟ್ರಾಲಿ ಜಾಕ್ ಬಾಡಿಗೆ, ಟೂಲ್ಸ್: 4,200. ಲೇತ್: 800. ಆರ್‌ಟಿಓ ಶುಲ್ಕ, ಓಡಾಟ: 1,500.

ಒಟ್ಟು 47,500. ಮೇಸ್ತ್ರಿ ಹೇಳಿದ್ದಕ್ಕಿಂತ 11,500 ಜಾಸ್ತಿ.

ಇದು ಕಾಣೋ ಲೆಕ್ಕ. ಎಂಟು ದಿನದಲ್ಲಿ ಆಗಬೇಕಿದ್ದ ಕೆಲಸಕ್ಕೆ ವ್ಯಾನು 43 ದಿನ ನಿಂತಿತು. ಭಾನುವಾರ, ರಜೆ ಬಿಟ್ಟರೆ 36 ದಿನ ದುಡಿಮೆ ಇಲ್ಲ. ಪೆಟ್ರೋಲ್ ಕಳೆದು ಅಪ್ಪನಿಗೆ ದಿನಕ್ಕೆ 600 ರೂಪಾಯಿ ಉಳಿಯುತ್ತಿತ್ತು. ಅಲ್ಲಿಗೆ 21,600. ಅಪ್ಪ ಮಾಲು ಹೊರುತ್ತಿದ್ದ ಮೂರು ಯೂನಿಟ್‌ಗಳಲ್ಲಿ ಒಂದು, ಕಾದು ಕಾದು ಬೇರೆಯವರ ಟಾಟಾ ಏಸ್‌ಗೆ ಕೆಲಸ ಕೊಟ್ಟಿತು. ಅದು ಇವತ್ತಿಗೂ ವಾಪಸ್ ಬಂದಿಲ್ಲ.

ಇದೂ ಪೂರ್ತಿ ಲೆಕ್ಕ ಅಲ್ಲ ಅಂತ ನನಗೆ ತಿಳಿದಿದ್ದು ಮೂವತ್ತನೇ ದಿನದ ಸುಮಾರಿಗೆ. ಮೈಕೈ ಗ್ರೀಸ್ ಮಾಡಿಕೊಂಡು ಕೂತಿದ್ದಾಗ ಓಣಿಯ ದೊಡ್ಡಮ್ಮ ಬಂದು ನಿಂತಳು. ಗಾಡಿಯನ್ನು, ಹರಡಿದ್ದ ಸಾಮಾನನ್ನು ಸ್ವಲ್ಪ ಹೊತ್ತು ನೋಡಿದಳು.

"ಯಾವತ್ತಿಗೆ ಸುರು ಆಕ್ಕತಪ ಇದು?"

"ಈ ವಾರ ಆಗುತ್ತೆ ದೊಡ್ಡಮ್ಮ."

"ಹೋದ ವಾರನೂ ಹಂಗ ಅಂದಿದ್ದಿ." ನಗುತ್ತಲೇ ಅಂದಳು. "ಏನಿಲ್ಲಪ, ಮಾಲು ಬರ್ಲಿಲ್ಲಂದ್ರ ನಮ್ಗೂ ಕೈ ಖಾಲಿ."

ನಮ್ಮ ಓಣಿಯಲ್ಲೂ ಅಕ್ಕಪಕ್ಕದಲ್ಲೂ ಎಂಟು ಮನೆಗೆ ಅಪ್ಪ ಬಂಡಲ್ ಇಳಿಸುತ್ತಿದ್ದರು. ಆ ಹೆಂಗಸರು ಪ್ಯಾಂಟಿನ ಉಳಿದ ದಾರ ಕತ್ತರಿಸೋದು, ಪೀಸಿಗೆ ಇಷ್ಟು ಅಂತ. ಮನೆಗೆಲಸ ಮುಗಿಸಿ, ಮಧ್ಯಾಹ್ನ ಹೊಸ್ತಿಲಲ್ಲಿ ಕೂತು ಮಾಡೋ ಕೆಲಸ. ಯೂನಿಟ್‌ನೋರು ಬಳ್ಳಾರಿಯೊಳಗೇ ಬೇರೆ ಮನೆಗಳಿಗೆ ಆ ಕೆಲಸ ಕೊಟ್ಟಿದ್ದರು. ನನ್ನ ಉಳಿತಾಯದ ಪ್ರಯೋಗಕ್ಕೆ ಒಂದು ತಿಂಗಳಿಂದ ಎಂಟು ಮನೆಯವರು ದುಡ್ಡು ಕಟ್ಟುತ್ತಿದ್ದರು. ಅವರನ್ನು ನಾನು ಕೇಳಿರಲಿಲ್ಲ. ಅಪ್ಪ ದಿನಾ ಆ ಓಣಿಯಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದರು, ಅದನ್ನೂ ನಾನು ಗಮನಿಸಿರಲಿಲ್ಲ.

"ಗಾಡಿ ಭಾಳ ದಿನ ನಿಂದ್ರಬಾರ್ದು" ಅಂದಾಗ ಅಪ್ಪ ತಮ್ಮ 600 ರೂಪಾಯಿ ಬಗ್ಗೆ ಮಾತ್ರ ಹೇಳಿದ್ದಲ್ಲ. ಸೂಜಿ ಮೇಲೆ ಹೋದರೂ ಅವತ್ತು ಗಾಡಿ ನಿಲ್ಲಿಸದೆ ಓಡಿಸಿದ್ದೂ ಅದಕ್ಕೇ.

ಹಾಗಾದರೆ ಮಾಡಬಾರದಾ?

ಮಾಡಬಹುದು. ಆದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗಾಡಿ ನಿಂತರೆ ಯಾರ ಒಲೆ ನಿಲ್ಲುತ್ತೆ? ವೀಕೆಂಡ್ ಓಡಿಸೋ ಹಳೇ ವ್ಯಾನಾದರೆ ಆರು ತಿಂಗಳು ತಗೊಳ್ಳಿ, ಕಲಿಯಿರಿ, ಅದಕ್ಕಿಂತ ಒಳ್ಳೇ ಶಾಲೆ ಇಲ್ಲ. ಯಾರದೋ ಅನ್ನದ ಗಾಡಿಯಾದರೆ, ದಿನಕ್ಕೆ ಹತ್ತು ಇಂಜಿನ್ ನೋಡಿದ ಮೇಸ್ತ್ರಿ ಕೇಳೋ ಕೂಲಿ ಅಗ್ಗ. ನೀವು ಕೊಡೋದು ಕೆಲಸಕ್ಕಷ್ಟೇ ಅಲ್ಲ, ಉಳಿಯೋ ದಿನಗಳಿಗೆ.

ಮಾಡೋದೇ ಆದರೆ, ಮೊದಲು ಆರ್‌ಟಿಓ, ಆಮೇಲೆ ಇಂಜಿನ್. ಅದೇ ಮಾಡೆಲ್ಲಿನ ಇಂಜಿನ್ನೇ ತನ್ನಿ, ಬಿಲ್ ಇಲ್ಲದೆ ತರಬೇಡಿ. ನೀವು ಹಾಕಿದ ಖರ್ಚನ್ನು ದುಪ್ಪಟ್ಟು ಮಾಡಿ, ದಿನಗಳನ್ನು ನಾಲ್ಕು ಪಟ್ಟು ಮಾಡಿ. ಆಗಲೂ ಮನಸ್ಸು ಹೂಂ ಅಂದರೆ ಸ್ಪ್ಯಾನರ್ ಹಿಡಿಯಿರಿ.

ಆರ್‌ಸಿಯಲ್ಲಿ ಹೊಸ ನಂಬರ್ ಬಂತು. ಜುಲೈನಲ್ಲಿ ಎಫ್‌ಸಿಯೂ ಆಯಿತು. ವ್ಯಾನು ಶುರುವಾದ ಮೊದಲ ದಿನ ನಾನೇ ಅಪ್ಪನ ಜೊತೆ ಹೋಗಿ ಮನೆಮನೆಗೆ ಬಂಡಲ್ ಇಳಿಸಿದೆ. ಎಂಟರಲ್ಲಿ ಆರು ಮನೆಗೆ ಮಾತ್ರ ಕೆಲಸ ಇತ್ತು. ದೊಡ್ಡಮ್ಮನ ಮನೆ ಆ ಆರರಲ್ಲಿ ಒಂದು. ಅವಳು ಪೀಸ್ ಎಣಿಸಿಕೊಂಡು "ಬರೋಬ್ಬರಿ ಐತಿ" ಅಂದಳು. ಉಳಿದ ಎರಡು ಮನೆ ಮುಂದೆ ಅಪ್ಪ ಗಾಡಿ ನಿಧಾನ ಮಾಡಲಿಲ್ಲ.

ವಾಪಸ್ ಬರುವಾಗ ಕೇಳಿದೆ, "ಅಪ್ಪ, ಮತ್ತೆ ಏನಾದರೂ ಕೆಟ್ಟರೆ?"

ಅಪ್ಪ ಸೂಜಿ ಕಡೆ ಒಮ್ಮೆ ಕಣ್ಣು ಹಾಯಿಸಿದರು. "ಮೇಸ್ತ್ರಿ ಹತ್ರ ಒಯ್ಯಾನ. ನೀನೂ ಬಾ, ಬಾಜೂಕ ನಿಂತು ನೋಡು."

ಸೀಟಿನ ಹಿಂದೆ ಮೊದಲು ಬೋರ್ ನೀರಿನ ಕ್ಯಾನ್ ಇರುತ್ತಿತ್ತು. ಈಗ ಅಲ್ಲಿ ಐದು ಲೀಟರ್ ಕೂಲೆಂಟ್ ಡಬ್ಬಿ ಇದೆ.